ನಮ್ಮ ಮನೆಗೆ ಮೆಟ್ಟಿಲಿಲ್ಲ

ನಮ್ಮ ಗ್ಯಾರೇಜಿನಲ್ಲಿ ಕಾರಿನ ಕೆಳಗೆ ನಿಂತು ಕೆಲಸ ಮಾಡಲೆಂದು ಒಂದು ಗುಂಡಿಯಿದೆ. ಪಕ್ಕದ ಚರಂಡಿಯ ನೀರು ಅದರೊಳಗೆ ಒಸರಿ ನಿಲ್ಲುತ್ತದೆ. ಯಜಮಾನರು ಗುಂಡಿಯ ಮೇಲೆ ಹಲಗೆ ಮುಚ್ಚಿಸಿ, ಹಲಗೆಯ ಮೇಲೆ ಹಳೆಯ ಟೈರು ಪೇರಿಸಿ, ಅದನ್ನು ಮರೆತುಬಿಟ್ಟಿದ್ದರು. ಹಾಗಾಗಿ ನಮ್ಮ ಭಾವ ನೆಲಕ್ಕೆ ರಟ್ಟು ಹಾಸಿ, ಅಂಗಾತ ಮಲಗಿ, ಹಿಮ್ಮಡಿಯಿಂದ ತಳ್ಳಿಕೊಳ್ಳುತ್ತಾ ಕಾರಿನ ಕೆಳಗೆ ತೂರುತ್ತಿದ್ದ. ಎಣ್ಣೆ, ಮಣ್ಣು, ತುಕ್ಕು ಎಲ್ಲ ಅವನ ಮುಖದ ಮೇಲೇ ಉದುರುತ್ತಿತ್ತು. ಸಂಜೆ ಮನೆಗೆ ಬಂದ ಮೇಲೆ ಅಕ್ಕ ಒದ್ದೆ ಬಟ್ಟೆಯ ತುದಿಯಿಂದ ಅವನ ಕಣ್ಣಿನ ಮೂಲೆಯ ಕಸ ತೆಗೆಯುತ್ತಿದ್ದಳು.

"ಈ ಎರಡು ಕಣ್ಣಲ್ಲಿ ಸಿಗೋ ಕಬ್ಬಿಣ ಕೂಡಿಟ್ಟಿದ್ರೆ ಒಂದು ಗುಜರಿ ಅಂಗಡಿ ಇಡಬಹುದಿತ್ತು" ಅನ್ನುತ್ತಿದ್ದಳು.

"ಇಡು. ನಿನ್ನ ತಮ್ಮನ್ನ ಗಲ್ಲಾದ ಮೇಲೆ ಕೂರಿಸು. ಅವನಿಗೆ ಕೂತು ತಿನ್ನೋ ಕೆಲಸ ಒಗ್ಗುತ್ತೆ" ಅನ್ನುತ್ತಿದ್ದ ಭಾವ.

ಆ ತಮ್ಮ ನಾನು. ಅದೇ ಗ್ಯಾರೇಜಿನಲ್ಲಿ ತಗ್ಗು ಬಿದ್ದ ತಗಡು ಬಡಿದು ಸರಿಮಾಡುವ ಟಿಂಕರ್. ಅಕ್ಕ ಒಂದು ಲಾಂಡ್ರಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಹಾಕುವವಳು. ಗೋದಾಮಿನ ಹಿಂಬದಿಯ ಒಂದೇ ಕೋಣೆಯಲ್ಲಿ ನಾವು ಮೂವರು. ನಡುವೆ ಹಳೇ ಬೆಡ್‌ಶೀಟಿನ ಪರದೆ. ಪರದೆಯ ಈಚೆಗೆ ನಾನು, ಆಚೆಗೆ ಅವರಿಬ್ಬರು. ಕೋಣೆಯ ನೆಲ ರಸ್ತೆಗಿಂತ ಒಂದು ಗೇಣು ತಗ್ಗು. ರಸ್ತೆಯಲ್ಲಿ ಯಾರಾದರೂ ಬಕೆಟ್ ನೀರು ಚೆಲ್ಲಿದರೆ ನಾವು ಹಾಸಿಗೆ ಎತ್ತಬೇಕು.

ಭಾವನನ್ನು ಗ್ಯಾರೇಜುಗಳ ಆ ಬೀದಿಯಲ್ಲಿ ಎಲ್ಲರೂ ಜಾಕಣ್ಣ ಎಂದು ಕರೆಯುತ್ತಿದ್ದರು. ಬಹಳ ಹಿಂದೆ ಒಮ್ಮೆ ಜಾಕು ಜಾರಿ ಕಾರು ಕುಸಿದಾಗ, ಅದರ ಮೂಲೆಯನ್ನು ಹೆಗಲಲ್ಲಿ ತಡೆದು, ಕೆಳಗಿದ್ದ ಜೊತೆಗಾರನ ಕಾಲು ಉಳಿಸಿದ್ದನಂತೆ. ಆ ಜೊತೆಗಾರನೇ ನಮ್ಮ ಯಜಮಾನರು. ಆಗ ಇಬ್ಬರೂ ಬೇರೊಬ್ಬ ಯಜಮಾನನ ಕೈಕೆಳಗಿದ್ದವರು, ಒಂದೇ ಡಬ್ಬಿಯಲ್ಲಿ ಉಂಡವರು. ಆಮೇಲೆ ಅವರಿಗೆ ಮಾವನ ಕಡೆಯಿಂದ ಜಾಗ ಬಂತು. ಭಾವನಿಗೆ ಮಾವನ ಕಡೆಯಿಂದ ನಾನು ಬಂದೆ. ಹಾಗೆಂದು ಅವನೇ ಹೇಳಿ ನಗುತ್ತಿದ್ದ.

ಕೆಂಪು ಕಾರು ಬಂದದ್ದು ಒಂದು ಬೆಳಿಗ್ಗೆ. ಓಟದ ಕಾರು. ಬೀದಿಯ ಆ ತುದಿಯಿಂದಲೇ ಅದರ ಗುಡುಗು ಕೇಳಿಸಿತು. ಆದರೆ ಗ್ಯಾರೇಜಿನ ಮುಂದಿನ ಚಪ್ಪಡಿ ದಾಟಲು ಅದರ ಕೈಲಾಗಲಿಲ್ಲ. ಹೊಟ್ಟೆ ಕಲ್ಲಿಗೆ ಉಜ್ಜಿ ಕರಕರ ಅಂದಿತು. ನಾವು ಹಲಗೆ ಹಾಸಿ, ನಾಲ್ಕು ಜನ ತಳ್ಳಿ ಒಳಗೆ ತಂದೆವು. ನೆಲಕ್ಕೂ ಕಾರಿಗೂ ನಡುವೆ ಒಂದು ಬೆಕ್ಕು ನುಸುಳುವಷ್ಟು ಜಾಗವೂ ಇರಲಿಲ್ಲ.

ಗಿರಾಕಿ ಕಪ್ಪು ಕನ್ನಡಕ ತೆಗೆಯದೆ ಹೇಳಿದ. "ಮೊದಲಿದ್ದ ಹಾಗೆ ಎತ್ತರ ಮಾಡಿಕೊಡಿ. ಮಾರ್ತಾ ಇದ್ದೀನಿ. ಕೊಳ್ಳೋನು ಕಂಪನಿಯಿಂದ ಬಂದ ಹಾಗೇ ಇರಬೇಕು ಅಂತಿದ್ದಾನೆ."

ಭಾವ ಒಂದು ಮೂಲೆಗೆ ಜಾಕು ಕೊಟ್ಟು, ಚಕ್ರ ಬಿಚ್ಚಿ, ತಲೆ ತೂರಿಸಿ ನೋಡಿದ. ಬಹಳ ಹೊತ್ತು ನೋಡಿದ.

"ಯಾರು ಸಾರ್ ಇದನ್ನ ಇಷ್ಟು ತಗ್ಗಿಗೆ ಇಳಿಸಿದ್ದು?"

"ಯಾಕೆ?"

"ಸ್ಪ್ರಿಂಗನ್ನೇ ಕತ್ತರಿಸಿಬಿಟ್ಟಿದ್ದಾರೆ. ಮಂಚ ಎತ್ತರ ಆಯ್ತು ಅಂತ ಕಾಲು ಕೊಯ್ದ ಹಾಗೆ. ಮೋಟು ಸ್ಪ್ರಿಂಗು ಏಟು ತಡೆಯಲ್ಲ. ರಸ್ತೇಲಿ ಒಂದೊಂದು ಗುಂಡಿಗೆ ಬಿದ್ದಾಗ್ಲೂ ಏಟೆಲ್ಲ ಬೇರೆ ಸಾಮಾನಿಗೆ ಬಿದ್ದಿದೆ."

ಅವನು ಒಂದೊಂದನ್ನೇ ಬೆರಳಿಟ್ಟು ತೋರಿಸಿದ. ಶಾಕ್ ಅಬ್ಸಾರ್ಬರ್ ಒಡೆದು ಎಣ್ಣೆ ಸೋರಿ, ಧೂಳು ಹತ್ತಿ, ಮಂದವಾಗಿ ಮೆತ್ತಿಕೊಂಡಿತ್ತು. ರಬ್ಬರ್ ಬುಷ್‌ಗಳು ಹರಿದು ನೇತಾಡುತ್ತಿದ್ದವು. ಚಕ್ರವನ್ನು ಕಾರಿಗೆ ಹಿಡಿದಿಡುವ ಕೆಳಗಿನ ಆರ್ಮ್ ಮೇಲೆ ಕೂದಲಿನಂಥ ಒಂದು ಗೆರೆ. ಭಾವ ಅದರ ಮೇಲೆ ಉಗುರು ಎಳೆದ. ಉಗುರು ಸಿಕ್ಕಿಕೊಂಡಿತು.

"ಇದು ಬಿರುಕು. ಆಚೆ ಕಡೆದೂ ಹೀಗೇ ಇರುತ್ತೆ. ಎರಡೂ ಆರ್ಮ್ ಹೊಸದು ಹಾಕ್ಬೇಕು. ಬರೀ ಸ್ಪ್ರಿಂಗ್ ಹಾಕಿದ್ರೆ ಕಾರು ಎದ್ದು ನಿಲ್ಲುತ್ತೆ, ಆದ್ರೆ ಓಡಿಸೋ ಹಾಗಿಲ್ಲ. ಸೊಂಟ ಮುರಿದೋನಿಗೆ ಹೊಸ ಚಪ್ಪಲಿ ತೊಡಿಸಿದ ಹಾಗೆ."

"ನಂಗೆ ಎದ್ದು ನಿಂತರೆ ಸಾಕು" ಅಂದ ಗಿರಾಕಿ. ಯಜಮಾನರ ಹೆಗಲ ಮೇಲೆ ಕೈಹಾಕಿ ಆಚೆ ಕರೆದುಕೊಂಡು ಹೋದ. ಹಿಂತಿರುಗಿ ಬಂದ ಯಜಮಾನರು ಹೇಳಿದರು. "ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಹೊಸದು ತರಿಸ್ತೀನಿ. ಆರ್ಮ್ ವಿಷ್ಯ ಆಮೇಲೆ ನೋಡೋಣ."

"ಆಮೇಲೆ ನೋಡೋ ವಿಷ್ಯ ಅಲ್ಲ ಅದು."

"ನೀನು ಬಿಚ್ಚೋ ಕೆಲಸ ನೋಡು ಜಾಕಣ್ಣ. ಕೊಡೋ ತಗೊಳ್ಳೋ ವ್ಯವಹಾರ ನಂಗೆ ಬಿಡು."

ಇಲ್ಲಿ ಒಂದು ಮಾತು ಹೇಳಬೇಕು. ಕತ್ತರಿಸಿದ ಸ್ಪ್ರಿಂಗನ್ನು ಬಿಚ್ಚುವುದು ಸುಲಭ. ಅದರಲ್ಲಿ ಬಿಗುವೇ ಇರುವುದಿಲ್ಲ, ಕೈಯಲ್ಲೇ ಉದುರಿ ಬರುತ್ತದೆ. ಹೊಸ ಸ್ಪ್ರಿಂಗು ಹಾಗಲ್ಲ. ಅದು ಉದ್ದ. ಶಾಕ್ ಅಬ್ಸಾರ್ಬರಿನ ಮೇಲೆ ಕೂರಿಸಬೇಕಾದರೆ ಅದಕ್ಕೆ ಎರಡು ಕಡೆ ಕೊಕ್ಕೆಯ ಕ್ಲಾಂಪು ಹಾಕಿ, ತಿರುಪು ಬಿಗಿಯುತ್ತಾ ಬಿಗಿಯುತ್ತಾ ಅದುಮಬೇಕು. ಅದುಮಿದಷ್ಟೂ ಅದು ಎಗರಲು ಕಾಯುತ್ತಿರುತ್ತದೆ. ಆ ಕೊಕ್ಕೆಗಳನ್ನು ನಂಬಿ ಒಬ್ಬ ಮನುಷ್ಯ ಮುಖ ಬಗ್ಗಿಸಿ ಕೂರಬೇಕು.

ನಮ್ಮ ಕ್ಲಾಂಪಿನ ಒಂದು ಕೊಕ್ಕೆ ಹಿಂದೆಯೇ ಮುರಿದು, ಬೆಸುಗೆ ಹಾಕಿಸಿಕೊಂಡು ಬಂದದ್ದು. ತಿರುಪಿನ ಸುರುಳಿಗೆರೆ ಸವೆದು ನುಣ್ಣಗಾಗಿತ್ತು. ಭಾವ ಹೊಸದು ಕೇಳಿದಾಗಲೆಲ್ಲ ಯಜಮಾನರು "ಮುಂದಿನ ತಿಂಗಳು" ಅನ್ನುತ್ತಿದ್ದರು. ಆ ಮುಂದಿನ ತಿಂಗಳು ನಮ್ಮ ಬೀದಿಗೆ ಇನ್ನೂ ಬಂದಿರಲಿಲ್ಲ.

ಸಾಮಾನು ಬಂದ ದಿನವೂ ಭಾವ ಕೇಳಿದ. "ಇವತ್ತಾದ್ರೂ ಪಕ್ಕದ ಗ್ಯಾರೇಜಿಂದ ಅವರ ಕ್ಲಾಂಪು ಇಸ್ಕೊಂಡು ಬರ್ಲಾ?"

"ಅವನ ಹತ್ರ ಕೈಚಾಚೋದಾ? ನಾಳೆ ಬೀದಿಯೆಲ್ಲ ಹೇಳ್ಕೊಂಡು ತಿರುಗ್ತಾನೆ. ಇದರಲ್ಲೇ ಮಾಡು. ಇಷ್ಟು ದಿನ ಮಾಡಿಲ್ವಾ?"

ಇಷ್ಟು ದಿನ ಮಾಡಿದ್ದ. ಅದೇ ತಪ್ಪಾಯಿತು.

ನಾನು ಒಂದು ವ್ಯಾನಿನ ಬಾಗಿಲು ಬಡಿಯುತ್ತಿದ್ದೆ. ನನ್ನ ಸುತ್ತಿಗೆಯ ಸದ್ದಿನ ನಡುವೆ ಇನ್ನೊಂದು ಸದ್ದು ಕೇಳಿತು. ದೊಡ್ಡದೇನಲ್ಲ. ಯಾರೋ ಕಬ್ಬಿಣದ ಗೇಟನ್ನು ಒಮ್ಮೆ ಒದ್ದ ಹಾಗೆ. ತಿರುಗಿ ನೋಡಿದಾಗ ಸ್ಪ್ರಿಂಗು ಟೈರಿನ ರಾಶಿಗೆ ಬಡಿದು ಉರುಳುತ್ತಿತ್ತು. ಭಾವ ಕೂತಲ್ಲೇ ಕೂತಿದ್ದ. ಕೈಯಲ್ಲಿ ಸ್ಪ್ಯಾನರ್ ಹಾಗೇ ಇತ್ತು. ಅವನ ಮುಖದ ಕೆಳಭಾಗ ಒಂದು ಪಕ್ಕಕ್ಕೆ ಸರಿದಿತ್ತು. ಎಡಗಣ್ಣು ಇದ್ದ ಕಡೆ ಬರೀ ಕೆಂಪು.

ಅವನು ಕೂಗಲಿಲ್ಲ. ಕೂಗಲು ದವಡೆ ಇರಲಿಲ್ಲ. ಮೆಲ್ಲಗೆ ಮಗ್ಗುಲಿಗೆ ವಾಲಿದ.

ಕಾರು ತೊಳೆಯುವ ಅಕ್ಕಮ್ಮ ಓಡಿ ಬಂದು ತನ್ನ ಒಣಗಿದ ಬಟ್ಟೆಯನ್ನೆಲ್ಲ ಒತ್ತಿ ಹಿಡಿದಳು. ಪೇಂಟರ್ ತಾತ ಕಾಲು ಹಿಡಿದ. ಯಜಮಾನರು ಭಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು "ಜಾಕಣ್ಣ, ಲೇ ಜಾಕಣ್ಣ" ಎಂದು ಕರೆದರು. ತಮ್ಮ ಅಂಗಿ ಬಿಚ್ಚಿ ರಕ್ತಕ್ಕೆ ಒತ್ತಿ ಹಿಡಿದರು. ಅದು ನಾಟಕವಲ್ಲ, ನಾನೇ ಕಂಡಿದ್ದೇನೆ. ಆದರೆ ಒಂದು ಬಾಡಿಗೆ ವ್ಯಾನಿಗೆ ಹತ್ತಿಸಿದ ಮೇಲೆ ಅವರು ಡ್ರೈವರಿಗೆ ಹೇಳಿದ ಜಾಗ ಕೇಳಿ ನನಗೆ ದಿಕ್ಕು ತೋಚಲಿಲ್ಲ.

"ದೊಡ್ಡಾಸ್ಪತ್ರೆ ಇಲ್ಲೇ ಇದೆಯಲ್ಲ ಯಜಮಾನ್ರೇ."

"ಅಲ್ಲಿ ಹೋದರೆ ಹಿಂದಿನಿಂದ ಪೊಲೀಸು ಬರ್ತಾರೆ. ನಂಗೆ ಗೊತ್ತಿರೋ ಡಾಕ್ಟರಿದ್ದಾರೆ. ಸುಮ್ನಿರು."

ಗೊತ್ತಿರುವ ಡಾಕ್ಟರು ಊರಿನ ಇನ್ನೊಂದು ತುದಿಯಲ್ಲಿದ್ದರು. ಸಣ್ಣ ಕ್ಲಿನಿಕ್ಕು. ಅವರು ಬರುವವರೆಗೆ ಕಾಯಬೇಕಾಯಿತು. ಬಂದು, ಬಟ್ಟೆ ಸರಿಸಿ ನೋಡಿ, ಮತ್ತೆ ಮುಚ್ಚಿದರು. "ನನ್ನ ಕೈಲಾಗೋದಲ್ಲ. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ" ಅಂದರು. ನಾವು ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟೆವು. ಅಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು.

ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು ಕೇಳಿದರು. "ಏನಾಯ್ತು?"

ನಾನು ಬಾಯಿ ತೆರೆದೆ. ಯಜಮಾನರ ಕೈ ನನ್ನ ಹೆಗಲ ಮೇಲೆ ಕೂತಿತು. "ಮನೇಲಿ ಮೆಟ್ಟಿಲಿಂದ ಬಿದ್ದ ಡಾಕ್ಟ್ರೇ" ಅಂದರು ಅವರು. "ಮನೆಯವರು ಬರ್ತಾ ಇದ್ದಾರೆ, ಅವರೇ ಹೇಳ್ತಾರೆ."

ಅಕ್ಕ ಲಾಂಡ್ರಿಯಿಂದ ಓಡಿಬಂದಳು. ಇಸ್ತ್ರಿಯ ಬಿಸಿಗೆ ಅವಳ ಮುಖ ಇನ್ನೂ ಕೆಂಪಗಿತ್ತು. ಒಳಗೆ ಬಿಡಲಿಲ್ಲ. ವರಾಂಡದ ಗೋಡೆಗೆ ಒರಗಿ ನಿಂತವಳ ಎದುರು ಯಜಮಾನರು ಕುಕ್ಕರಗಾಲಲ್ಲಿ ಕೂತರು. ಅವರು ಹಾಗೆ ಕೂತಿದ್ದನ್ನು ನಾನು ಮೊದಲ ಸಲ ನೋಡಿದೆ.

"ನೋಡಮ್ಮ, ಆಗಿದ್ದು ಆಗೋಯ್ತು. ಗ್ಯಾರೇಜಲ್ಲಿ ಆಯ್ತು ಅಂದ್ರೆ ಪೊಲೀಸು, ಲೇಬರ್ ಆಫೀಸು, ಬಾಗಿಲಿಗೆ ಬೀಗ. ಬೀಗ ಬಿದ್ದ ಮೇಲೆ ನಾನು ಎಲ್ಲಿಂದ ತಂದು ಕೊಡ್ಲಿ? ಮನೇಲಿ ಬಿದ್ರು ಅನ್ನು. ಆಸ್ಪತ್ರೆ ಖರ್ಚು ಪೂರ್ತಿ ನಂದು. ನನ್ನ ಮಕ್ಕಳಾಣೆ."

"ಮನೇಲಿ ಎಲ್ಲಿಂದ ಬಿದ್ರು?"

"ಮೆಟ್ಟಿಲಿಂದ."

ಅಕ್ಕ ಅವರನ್ನೇ ನೋಡಿದಳು. "ನಮ್ಮನೇಗೆ ಹೊಸ್ತಿಲೇ ಇಲ್ಲ ಯಜಮಾನ್ರೇ. ಮೆಟ್ಟಿಲು ಎಲ್ಲಿಂದ ತರ್ಲಿ?"

ಅವರಿಗೆ ಅದು ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವೂ ಬಂದವರಲ್ಲ.

"ಯಾರು ಬಂದು ನೋಡ್ತಾರಮ್ಮ?"

"ಅದು ನಿಜ" ಅಂದಳು ಅಕ್ಕ. "ನಮ್ಮನೆ ಯಾರೂ ಬಂದು ನೋಡಲ್ಲ."

ಡಾಕ್ಟರು ಬಂದು ಕೇಳಿದಾಗ ಅಕ್ಕ ಮೆಟ್ಟಿಲು ಅಂದಳು. ಆ ಪದ ಹೇಳುವಾಗ ಅವಳು ಗೋಡೆ ಹಿಡಿದುಕೊಂಡಳು.

ದವಡೆಗೆ ತಂತಿ ಕಟ್ಟಿದರು. ಬಾಯಿ ತೆರೆಯುವ ಹಾಗಿಲ್ಲ, ನಳಿಗೆಯಲ್ಲಿ ಗಂಜಿ. ಕಣ್ಣಿಗೆ ದಪ್ಪನೆಯ ಪಟ್ಟಿ. ಕಣ್ಣಿನದು ಇನ್ನೊಂದು ಆಪರೇಷನ್ ಆಗಬೇಕು, ಅದಕ್ಕೆ ಬೇರೆಯೇ ಖರ್ಚು ಅಂದರು. ನಾನು ಗ್ಯಾರೇಜಿಗೆ ಹೋಗಿ ಯಜಮಾನರ ಮುಂದೆ ನಿಂತೆ.

"ಕೊಡ್ತೀನಿ ಅಂದಿದ್ದೀನಿ, ಕೊಡ್ತೀನಿ" ಅಂದರು. "ಆದ್ರೆ ನನ್ನ ಕೈಯಲ್ಲಿ ಏನೂ ಇಲ್ಲ. ಆ ಕೆಂಪು ಕಾರು ಹೊರಗೆ ಹೋಗ್ಲಿ, ಗಿರಾಕಿ ಕೊಡ್ತಾನೆ, ಅದೇ ದಿನ ಆಸ್ಪತ್ರೆಗೆ ಕಟ್ತೀನಿ. ಸ್ಪ್ರಿಂಗ್ ನೀನು ಹಾಕು."

"ನಾನು ಟಿಂಕರು ಯಜಮಾನ್ರೇ. ಆ ಕೆಲಸ ನಂದಲ್ಲ."

"ಭಾವ ಮಾಡೋದು ನೋಡಿಲ್ವಾ? ನೋಡಿ ಕಲಿಯೋದೇ ತಾನೆ."

ನೋಡಿದ್ದೆ. ಕೊನೆಗೆ ಏನಾಯಿತು ಅನ್ನುವುದನ್ನೂ ನೋಡಿದ್ದೆ.

ಅದೇ ಕ್ಲಾಂಪು. ಅಗಲವಾಗಿ ತೆರೆದುಕೊಂಡಿದ್ದ ಕೊಕ್ಕೆಯನ್ನು ಮತ್ತೆ ಕಾಯಿಸಿ ಬಡಿಸಿ ತಂದಿದ್ದರು. ಪಕ್ಕದ ಗ್ಯಾರೇಜಿನದು ತರುತ್ತೇನೆ ಎಂದರೆ, "ಈಗ ಹೋದರೆ ಏನಾಯ್ತು ಅಂತ ಕೇಳ್ತಾರೆ. ಬೇಡ" ಅಂದರು. ನಾನು ಹಳೇ ಗೂಡ್ಸ್ ಗಾಡಿಯ ಸರಪಳಿ ತಂದು ಸ್ಪ್ರಿಂಗಿಗೆ ಅಡ್ಡಡ್ಡ ಸುತ್ತಿದೆ. ಅದರ ಮೇಲೆ ಸೀಟ್ ಬೆಲ್ಟು ಸುತ್ತಿದೆ. ಪೇಂಟರ್ ತಾತ ಒಂದು ಮರದ ಹಲಗೆಯನ್ನು ನನ್ನ ಮುಖಕ್ಕೂ ಸ್ಪ್ರಿಂಗಿಗೂ ನಡುವೆ ಹಿಡಿದು ನಿಂತ.

"ತಾತ, ನೀನು ಆಚೆ ನಿಂತ್ಕೊ. ಹಾರಿದ್ರೆ ನಿಂಗೂ ಬೀಳುತ್ತೆ."

"ನನ್ನ ಬಾಯಲ್ಲಿ ಹಲ್ಲೇ ಇಲ್ಲ. ಅದೇನು ಕಿತ್ಕೊಳ್ಳುತ್ತೆ? ನೀನು ತಿರುಗಿಸು."

ತಿರುಪಿನ ಒಂದೊಂದು ಸುತ್ತಿಗೂ ಕಬ್ಬಿಣ ನರಳುತ್ತಿತ್ತು. ಪ್ರತಿ ಸುತ್ತಿಗೂ ನಾನು ಕಣ್ಣು ಮುಚ್ಚುತ್ತಿದ್ದೆ. ಒಂದು ಸ್ಪ್ರಿಂಗು ಕೂತಿತು. ನಾನು ಹೊರಗೆ ಹೋಗಿ ಚರಂಡಿಗೆ ವಾಂತಿ ಮಾಡಿದೆ. ಬಾಯಿ ತೊಳೆದುಕೊಂಡು ಬಂದು ಇನ್ನೊಂದಕ್ಕೆ ಕೂತೆ. ಅದೂ ಕೂತಿತು. ಯಜಮಾನರು ಬಾಗಿಲಿನಿಂದಲೇ ನೋಡಿ, "ನೋಡಿದ್ಯಾ? ಆಗುತ್ತೆ" ಅಂದರು.

ಆ ಸಂಜೆ ಆಸ್ಪತ್ರೆಗೆ ಹೋದೆ. ಭಾವ ಎಚ್ಚರವಾಗಿದ್ದ. ಮಾತಿಲ್ಲ. ಉಳಿದ ಒಂದು ಕಣ್ಣು ನನ್ನ ಕೈಗಳನ್ನೇ ನೋಡಿತು. ಸರಪಳಿ ಉಜ್ಜಿ ಕೆಂಪಾಗಿದ್ದ ಅಂಗೈ ಹಿಡಿದು ತಿರುಗಿಸಿ ನೋಡಿದ. ಏನು ಮಾಡಿದೆ ಎಂದು ಅವನಿಗೆ ಗೊತ್ತಾಯಿತು. ಆಮೇಲೆ ತನ್ನ ಮೊಣಕೈಯನ್ನು ಮುಟ್ಟಿ, ಎರಡು ಕೈಯಿಂದ ಕಡ್ಡಿ ಮುರಿದ ಹಾಗೆ ಮಾಡಿ ತೋರಿಸಿದ. ಆರ್ಮ್. ಬಿರುಕು ಬಿಟ್ಟ ಆರ್ಮ್ ಏನಾಯ್ತು ಅಂತ ಕೇಳುತ್ತಿದ್ದ.

"ಇನ್ನೂ ಹಾಕಿಲ್ಲ ಭಾವ. ಹೊಸದು ತರಿಸ್ತಾರಂತೆ."

ಅವನು ತಲೆಯಾಡಿಸಿದ. ಹೌದು ಎಂದೋ, ನಂಬಲ್ಲ ಎಂದೋ ತಿಳಿಯಲಿಲ್ಲ.

ಕಣ್ಣಿನ ಡಾಕ್ಟರು ಬಂದು ಪಟ್ಟಿ ಬಿಚ್ಚಿ ನೋಡಿದರು. ಅಕ್ಕನನ್ನು ಹೊರಗೆ ಕರೆದರು. ನಾನೂ ಹೋದೆ.

"ಬಿದ್ದಿದ್ದು ಯಾವಾಗ ಅಂದ್ರಿ?"

"ಬೆಳಿಗ್ಗೆ."

"ಮತ್ತೆ ಅಷ್ಟು ಹೊತ್ತು ಎಲ್ಲಿದ್ರಿ? ಮೊದಲೇ ಬಂದಿದ್ರೆ ಏನಾದ್ರೂ ಪ್ರಯತ್ನ ಮಾಡಬಹುದಿತ್ತು. ಈಗ ಆಪರೇಷನ್ ಮಾಡಿದ್ರೂ ಕಣ್ಣು ಬರಲ್ಲಮ್ಮ. ಇನ್ನೊಂದು ಕಣ್ಣಿಗೆ ತೊಂದರೆ ಆಗದ ಹಾಗೆ ಇದನ್ನ ತೆಗೀಬೇಕು. ಅಷ್ಟೇ."

ಅಕ್ಕ ಅಳಲಿಲ್ಲ. ನನ್ನ ಕಡೆ ತಿರುಗಿ, "ಎಲ್ಲಿದ್ರಿ?" ಎಂದು ಅವಳೂ ಕೇಳಿದಳು. ಕ್ಲಿನಿಕ್ಕಿಗೆ ಹೋಗಿದ್ದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದೆ. ಅವಳು ವರಾಂಡದ ಬೆಂಚಿನ ಮೇಲೆ ಕೂತು, ಮಡಿಲಲ್ಲಿದ್ದ ಟವೆಲನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಇಸ್ತ್ರಿಯವಳ ಕೈ, ಸುಮ್ಮನಿರುವುದು ಅದಕ್ಕೆ ಗೊತ್ತಿಲ್ಲ.

ಮಾರನೆಯ ದಿನ ಲೇಬರ್ ಆಫೀಸಿಗೆ ಹೋದಳು. ಕೆಲಸದ ಜಾಗದಲ್ಲಿ ಪೆಟ್ಟಾದರೆ ಪರಿಹಾರ ಇದೆ ಎಂದು ವಾರ್ಡಿನಲ್ಲಿ ಯಾರೋ ಹೇಳಿದ್ದರಂತೆ. ಅಧಿಕಾರಿ ಅವಳ ಮಾತು ಪೂರ್ತಿ ಕೇಳಿದರು. ಆಸ್ಪತ್ರೆಗೆ ಫೋನು ಮಾಡಿದರು. ಫೋನು ಇಟ್ಟು ನಕ್ಕರು.

"ಮೆಟ್ಟಿಲಿಂದ ಬಿದ್ರು ಅಂತ ನೀವೇ ಹೇಳಿದ್ದೀರಲ್ಲಮ್ಮ. ಈಗ ಗ್ಯಾರೇಜು ಅಂತೀರಿ. ನಾಳೆ ಇನ್ನೇನಂತೀರೋ."

"ಸುಳ್ಳು ಹೇಳಿಸಿದ್ರು ಸಾರ್. ನಮ್ಮನೇಗೆ ಮೆಟ್ಟಿಲೇ ಇಲ್ಲ. ಬೇಕಾದ್ರೆ ಬಂದು ನೋಡಿ."

"ನಿಮ್ಮ ಮನೆ ನೋಡಕ್ಕೆ ಬರೋಕೆ ಸರ್ಕಾರ ನಂಗೆ ಗಾಡಿ ಕೊಟ್ಟಿಲ್ಲ. ಕಣ್ಣಾರೆ ಕಂಡೋರು ಯಾರಾದ್ರೂ ಇದ್ರೆ ಬಾಯಿಬಿಟ್ಟು ಹೇಳ್ಲಿ. ಆಮೇಲೆ ನೋಡೋಣ."

ಆ ಸುದ್ದಿ ಅಕ್ಕ ಮನೆಗೆ ಬರುವುದಕ್ಕಿಂತ ಮೊದಲೇ ಯಜಮಾನರಿಗೆ ತಲುಪಿತ್ತು. ಹೇಗೆ ಅಂತ ಕೇಳಬೇಡಿ. ಅಂಥ ಸುದ್ದಿಗೆ ಗಾಡಿ ಬೇಕಾಗುವುದಿಲ್ಲ. ಅವತ್ತು ಸಂಜೆ ಅವರು ಆಸ್ಪತ್ರೆಗೇ ಬಂದು ವರಾಂಡದಲ್ಲಿ ನಿಂತರು. ಈ ಸಲ ಕುಕ್ಕರಗಾಲಲ್ಲಿ ಕೂರಲಿಲ್ಲ.

"ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ ಅಲ್ವೇನಮ್ಮ? ಇಷ್ಟು ವರ್ಷ ಅನ್ನ ಹಾಕಿದೀನಿ."

"ಅನ್ನ ನೀವು ಹಾಕಿದ್ರಾ?" ಅಕ್ಕ ಎದ್ದು ನಿಂತಳು. "ಇವರು ಕಾರಿನ ಕೆಳಗೆ ಮಲಗಿ ದುಡಿದು, ನಿಮಗೂ ಹಾಕಿದ್ದಾರೆ, ನಮಗೂ ಹಾಕಿದ್ದಾರೆ. ನೀವು ನಡೀತಿರೋ ಆ ಎರಡನೇ ಕಾಲು ಯಾರದು ಅಂತ ಒಂದು ಸಲ ಬಗ್ಗಿ ನೋಡ್ಕೊಳ್ಳಿ."

ಯಜಮಾನರ ಮುಖ ಕಪ್ಪಿಟ್ಟಿತು. "ಹಾಗಿದ್ರೆ ಲೇಬರ್ ಆಫೀಸಿನವರೇ ಆಸ್ಪತ್ರೆಗೆ ಕಟ್ಟಲಿ" ಎಂದು ಹೇಳಿ ಹೊರಟುಹೋದರು.

ಬೆಳಿಗ್ಗೆ ಔಷಧಿ ಚೀಟಿ ಬಂತು. ಲಾಂಡ್ರಿಯವರು ಮುಂಗಡ ಕೊಡಲಿಲ್ಲ, ಅಕ್ಕನ ಜಾಗಕ್ಕೆ ಬೇರೆಯವಳನ್ನು ನಿಲ್ಲಿಸಿಕೊಂಡಿದ್ದರು. ಬೀದಿಯವರು ಕೈಲಾದಷ್ಟು ಕೊಟ್ಟರು, ಅದು ಆ ದಿನಕ್ಕೆ ಆಯಿತು. ಮರುದಿನಕ್ಕೆ ಏನೂ ಇರಲಿಲ್ಲ. ಕಾರು ಹೊರಗೆ ಹೋದರೆ ಯಜಮಾನರ ಮನಸ್ಸು ಕರಗಬಹುದು ಎಂದು ನಾನು ಮತ್ತೆ ಗ್ಯಾರೇಜಿಗೆ ಹೋದೆ. ಬೇರೆ ದಾರಿ ಇರಲಿಲ್ಲ, ಇದ್ದರೆ ನನಗೆ ಕಾಣಲಿಲ್ಲ.

ಕಾರು ಸ್ಟ್ಯಾಂಡಿನ ಮೇಲೆ ನಿಂತಿತ್ತು, ಮುಂದಿನ ಚಕ್ರಗಳಿಲ್ಲದೆ. ಯಜಮಾನರು ನನ್ನ ಮುಖ ನೋಡದೆ ಎರಡು ಆರ್ಮ್‌ಗಳನ್ನು ಬೆಂಚಿನ ಮೇಲಿಟ್ಟರು. ಕಪ್ಪಗೆ ಮಿರುಗುತ್ತಿದ್ದವು.

"ಹೊಸದು. ಹಾಕು. ಮಧ್ಯಾಹ್ನ ಗಿರಾಕಿ ಬರ್ತಾನೆ, ಕೊಳ್ಳೋನೂ ಬರ್ತಾನೆ."

ಒಂದನ್ನು ಕೈಗೆತ್ತಿಕೊಂಡೆ. ಬಣ್ಣ ಇನ್ನೂ ಅಂಟುತ್ತಿತ್ತು. ಭಾವ ಉಗುರು ಎಳೆದ ಜಾಗದಲ್ಲಿ ನಾನೂ ಎಳೆದೆ. ಬಣ್ಣದ ಕೆಳಗೆ ಬೆಸುಗೆಯ ಉಬ್ಬು. ಹಳೆಯ ಆರ್ಮ್‌ಗಳನ್ನೇ ಬಿಚ್ಚಿಸಿ, ಆಚೆ ಬೀದಿಯಲ್ಲಿ ಯಾರ ಕೈಯಲ್ಲೋ ಬೆಸುಗೆ ಹಾಕಿಸಿ, ಮೇಲೆ ಕಪ್ಪು ಬಳಿಸಿ ತಂದಿದ್ದರು.

ಅದನ್ನು ಬೆಂಚಿಗೆ ಕೂರಿಸಿದ ವೈಸಿನ ಬಾಯಿಗೆ ಕಚ್ಚಿಸಿ ಬಿಗಿದೆ. ನನ್ನ ದೊಡ್ಡ ಸುತ್ತಿಗೆ ಎತ್ತಿ ಒಂದೇ ಏಟು ಕೊಟ್ಟೆ. ಎರಡು ತುಂಡಾಯಿತು. ಒಂದು ತುಂಡು ನೆಲದ ಮೇಲೆ ಜಾರುತ್ತಾ ಹೋಗಿ ಬಾಗಿಲಲ್ಲಿ ನಿಂತಿದ್ದವನ ಬೂಟಿಗೆ ತಾಗಿತು. ಗಿರಾಕಿ ಬೇಗನೆ ಬಂದಿದ್ದ.

"ಏನಿದು?" ಅಂದ.

"ಇದು ನಿಮ್ಮ ಕಾರಿನ ಚಕ್ರ ಹಿಡಿಯೋದು ಸಾರ್. ಜೋರಾಗಿ ಒಂದು ತಿರುವು ತಗೊಂಡ್ರೆ ಚಕ್ರ ಒಂದು ದಾರಿ, ಕಾರು ಒಂದು ದಾರಿ."

ಅವನು ಹೆದರುತ್ತಾನೆ, ಯಜಮಾನರ ಮೇಲೆ ರೇಗುತ್ತಾನೆ ಎಂದುಕೊಂಡೆ. ಅವನು ಕನ್ನಡಕ ತೆಗೆದು ಒರೆಸಿಕೊಂಡ.

"ಮಾರೋ ಗಾಡಿ ತಾನೆ? ಆರ್ಮ್‌ಗೆ ಅಂತ ಬೇರೆ ಕೊಡಲ್ಲ ಅಂತ ಇವರಿಗೆ ಮೊದಲೇ ಹೇಳಿದ್ದೆ. ಕೊಳ್ಳೋನು ನೋಡೋ ಹೊತ್ತಿಗೆ ನೆಟ್ಟಗೆ ನಿಂತಿದ್ರೆ ಆಯ್ತು. ಇನ್ನೊಂದು ಸಲ ಬೆಸೆದು ಹಾಕಿ."

"ಕೊಳ್ಳೋನು ಅದರಲ್ಲಿ ಕೂತು ಓಡಿಸ್ತಾನಲ್ಲ ಸಾರ್."

"ಅದು ಅವನ ಹಣೆಬರಹ."

ಆಗ ನನಗೆ ತಿಳಿಯಿತು. ಕಬ್ಬಿಣ ಯಾವುದು, ಮನುಷ್ಯ ಯಾವುದು ಅನ್ನುವ ಲೆಕ್ಕ ಇವರಿಬ್ಬರಿಗೂ ಇಲ್ಲ. ನಾನು ಸುತ್ತಿಗೆಯನ್ನು ಬೆಂಚಿನ ಮೇಲಿಟ್ಟೆ. "ನಾನು ಹಾಕಲ್ಲ" ಅಂದೆ.

ಯಜಮಾನರು ನನ್ನ ಕಿವಿಯ ಹತ್ತಿರ ಬಂದರು. "ನಿಮ್ಮ ಭಾವ ಹಾಸಿಗೆ ಮೇಲಿದ್ದಾನೆ. ನೆನಪಿರ್ಲಿ."

"ನೆನಪಿದೆ. ಅದಕ್ಕೇ ಹಾಕಲ್ಲ."

ಪೇಂಟರ್ ತಾತ ಬಣ್ಣದ ಗನ್ನು ಮೊಳೆಗೆ ನೇತುಹಾಕಿ ಬಂದು ನನ್ನ ಪಕ್ಕ ಕೂತ. ತೊಳೆಯುವ ಅಕ್ಕಮ್ಮ ನಲ್ಲಿ ನಿಲ್ಲಿಸಿದಳು. ಗ್ಯಾರೇಜು ಒಮ್ಮೆಲೇ ಸದ್ದಡಗಿತು. ಅದೇ ಹೊತ್ತಿಗೆ ಔಷಧಿ ಚೀಟಿ ಹಿಡಿದು ಅಕ್ಕ ಬಂದಳು. ಮುರಿದ ತುಂಡು ನೋಡಿದಳು, ನಮ್ಮನ್ನು ನೋಡಿದಳು. ಏನಾಗಿದೆಯೆಂದು ತಾತ ಎರಡು ಮಾತಿನಲ್ಲಿ ಹೇಳಿದ. ಅಕ್ಕ ಚೀಟಿಯನ್ನು ಮಡಚಿ ಒಳಗಿಟ್ಟುಕೊಂಡಳು. ಕಾರಿನ ಪಕ್ಕ ಭಾವನ ರಟ್ಟು ಇನ್ನೂ ಹಾಸಿಯೇ ಇತ್ತು. ಅದರ ಮೇಲೆ ಹೋಗಿ ಕೂತಳು.

"ಆಗಿದ್ದನ್ನ ಆದ ಹಾಗೆ ಆಸ್ಪತ್ರೆಗೆ ಬಂದು ನಿಮ್ಮ ಬಾಯಿಂದ ಹೇಳಿ ಯಜಮಾನ್ರೇ. ಅಲ್ಲೀವರೆಗೂ ಈ ಕಾರು ಇಳಿಯಲ್ಲ."

ಯಜಮಾನರು ಬೀದಿಯ ಬೇರೆ ಮೆಕ್ಯಾನಿಕ್ಕುಗಳನ್ನು ಕರೆಸಿದರು. ಗಿರಾಕಿ ಕೇಳಿದಷ್ಟು ಕೊಡುತ್ತೇನೆ ಅಂದ. ಒಬ್ಬ ಸ್ಪ್ಯಾನರ್ ಡಬ್ಬಿ ಹಿಡಿದೇ ಬಂದ. ರಟ್ಟಿನ ಮೇಲೆ ಅಕ್ಕನನ್ನು ಕಂಡು ನಿಂತ. ಕ್ಲಾಂಪನ್ನು ಎತ್ತಿ, ಬಡಿಸಿದ ಕೊಕ್ಕೆಯನ್ನು ಬೆರಳಲ್ಲಿ ತಡವಿದ.

"ಇದರಲ್ಲಾ?"

"ಇದರಲ್ಲೇ" ಅಂದೆ.

"ಮೆಟ್ಟಿಲಿಂದ ಬಿದ್ದ ಅಂದಿದ್ರು."

ಅವನು ಕ್ಲಾಂಪನ್ನು ನೆಲಕ್ಕಿಟ್ಟು, ತನ್ನ ಡಬ್ಬಿಯನ್ನು ಪಕ್ಕಕ್ಕಿಟ್ಟು, ಅಲ್ಲೇ ಕೂತ. "ನಮ್ಮಲ್ಲೂ ಇಂಥದ್ದೇ ಒಂದಿದೆ" ಅಂದ. ಎರಡನೆಯವನು ಬಂದ, ಕೇಳಿದ, ಕೂತ. ಪಕ್ಕದ ಗ್ಯಾರೇಜಿನವನೂ ಬಂದ. "ನನ್ನ ಕ್ಲಾಂಪು ಕೇಳಿದ್ರೆ ನಾನು ಕೊಡ್ತಿರಲಿಲ್ವಾ?" ಎಂದು ಯಜಮಾನರನ್ನೇ ಕೇಳಿ, ಬಾಗಿಲಿಗೆ ಒರಗಿ ನಿಂತ. ಬಿಸಿಲೇರುವ ಹೊತ್ತಿಗೆ ಬೀದಿಯ ಸುತ್ತಿಗೆಗಳೆಲ್ಲ ನಿಂತಿದ್ದವು.

ಗಿರಾಕಿ ಹೊರಗೆ ಹೋಗಿ ಫೋನು ಮಾಡಿದ.

ಒಬ್ಬ ಮನುಷ್ಯನ ಮುಖ ಒಡೆದಾಗ ಯಾರೂ ಬಂದಿರಲಿಲ್ಲ. ಅಕ್ಕ ಕಾಲು ಸವೆಸಿ ಹೋದಾಗ ಗಾಡಿ ಇಲ್ಲ ಅಂದಿದ್ದರು. ಕಾರು ನಿಂತಿದೆ ಅಂದಾಗ ಗಾಡಿ ಬಂತು. ಅದರಿಂದ ಒಬ್ಬ ಪೊಲೀಸ್ ಅಧಿಕಾರಿ, ಇಬ್ಬರು ಪೇದೆಗಳು ಇಳಿದರು.

"ಯಾರು ಇಲ್ಲಿ ಕಾರು ತಡೆದಿರೋದು?"

"ನಾನು ಸಾರ್" ಅಂದಳು ಅಕ್ಕ, ಕೂತಲ್ಲಿಂದಲೇ. "ಬಂದ್ರಲ್ಲ, ಒಳ್ಳೇದಾಯ್ತು. ನನ್ನ ಗಂಡ ಮೆಟ್ಟಿಲಿಂದ ಬಿದ್ರು ಅಂತ ನಾನು ಆಸ್ಪತ್ರೆಯಲ್ಲಿ ಹೇಳಿದ್ದೆ. ಅದು ಸುಳ್ಳು."

"ನಾನು ಬಂದಿರೋದು ಕಾರಿನ ವಿಷ್ಯಕ್ಕಮ್ಮ. ನಿಮ್ಮ ಗಂಡನ ವಿಷ್ಯಕ್ಕಲ್ಲ."

"ಕಾರಿನ ವಿಷ್ಯಾನೇ ಹೇಳ್ತೀನಿ. ಕೂತ್ಕೊಳ್ಳಿ, ಸ್ವಲ್ಪ ಉದ್ದ ಇದೆ."

ಅಧಿಕಾರಿ ಯಜಮಾನರ ಕಡೆ ನೋಡಿದರು. ಯಜಮಾನರು ನೆಲ ನೋಡುತ್ತಿದ್ದರು.

"ಇವಳದ್ದು ಮುಗಿದ ಮೇಲೆ ನಾನು ಹೇಳ್ತೀನಿ ಸಾರ್. ನಾನು ಕಾಲು ಹಿಡಿದಿದ್ದೆ" ಅಂದ ಪೇಂಟರ್ ತಾತ.

"ಆಮೇಲೆ ನಾನು" ಅಂದಳು ತೊಳೆಯುವ ಅಕ್ಕಮ್ಮ. "ಆ ರಕ್ತ ತೊಳೆದಿದ್ದು ನಾನೇ."

ನಾನೂ ಎದ್ದು ನಿಂತೆ. ಅಧಿಕಾರಿ ಹೊರಡಲೆಂದು ತಿರುಗಿದರು. ಬಾಗಿಲ ತುಂಬ ಎಣ್ಣೆ ಬಟ್ಟೆಯ ಜನ. ಯಾರೂ ಜೋರು ಮಾಡಲಿಲ್ಲ, ಕೈ ಎತ್ತಲಿಲ್ಲ. ದಾರಿಯನ್ನೂ ಬಿಡಲಿಲ್ಲ. ತಾತ ತನ್ನ ಸ್ಟೂಲನ್ನು ಕಾಲಿನಿಂದ ಮುಂದಕ್ಕೆ ತಳ್ಳಿದ. ಅಧಿಕಾರಿ ಬಾಗಿಲನ್ನೊಮ್ಮೆ, ಸ್ಟೂಲನ್ನೊಮ್ಮೆ ನೋಡಿದರು. ಆಮೇಲೆ ಟೋಪಿ ತೆಗೆದು ಕೂತರು.

ಅಕ್ಕ ಶುರು ಮಾಡಿದಳು.